ಕೆಳಗಿನ ಖಾನೆಯ ಮರ

ಮರದ ಚೂರು ಬಿಸಾಡುವವರನ್ನು ಕಂಡರೆ ಸುಂದರ ಆಚಾರಿಗೆ ಮೈ ಉರಿಯುತ್ತಿತ್ತು. ಕಾರ್ಕಳದ ಕಡೆಯ ಬಡಗಿ ಮನೆತನದವನು. ಗೇಣುದ್ದದ ತುಂಡು ಕೂಡ ಒಂದಲ್ಲ ಒಂದು ದಿನ ಬಾಗಿಲಿಗೆ ಬೆಣೆಯಾದೀತು ಎಂದು ನಂಬಿದವನು. ಕುವೈತಿನ ಎಣ್ಣೆ ಕಂಪೆನಿಯೊಂದರಲ್ಲಿ ಹನ್ನೆರಡು ವರ್ಷ ಉಳಿ ಹಿಡಿದರೂ ಆ ಬುದ್ಧಿ ಹೋಗಲಿಲ್ಲ. ಮಂಗಫ್‌ನ ಬಾಡಿಗೆ ಕಟ್ಟಡದ ಹಿಂದಿದ್ದ ಕಾರ್ ಶೆಡ್ಡನ್ನೇ ಕೆಲಸದ ಜಾಗ ಮಾಡಿಕೊಂಡು, ಸಾಗುವಾನಿ, ಪೈನ್, ಪ್ಲೈವುಡ್ ಎಂದು ಮೂಲೆ ತುಂಬ ರಾಶಿ ಹಾಕಿದ್ದ.

ಅಂಥವನನ್ನು ಕಳ್ಳ ಎಂದು ಕರೆದವನು ಎಡ್ವರ್ಡ್, ಊರಿನವರ ಬಾಯಲ್ಲಿ ಎಡ್ವರ್ಡ್ ಪೊರ್ಬು. ಅದೇ ಕಟ್ಟಡದ ಎರಡನೇ ಮಹಡಿಯವ, ಅದೇ ಕಂಪೆನಿಯ ಸ್ಟೋರ್‌ಕೀಪರ್. ತೊಂಬತ್ತರ ಏಪ್ರಿಲ್‌ನಲ್ಲಿ ಫೋರ್‌ಮನ್ ಬಾಯಿಮಾತಿನಲ್ಲಿ ಕೊಟ್ಟ ಪ್ಲೈವುಡ್ ತುಂಡುಗಳನ್ನು ಹೊತ್ತು ಸುಂದರ ಕಂಪೆನಿ ಬಸ್ಸು ಹತ್ತುತ್ತಿದ್ದಾಗ, "ಗೇಟ್‌ಪಾಸ್ ಎಲ್ಲಿ?" ಎಂದು ತಡೆದ. ನಲವತ್ತು ಜನರ ಕಣ್ಣೆದುರು ಚೀಲದಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದ. "ಕಂಪೆನಿಗೇ ಕನ್ನ ಹಾಕ್ತೀಯಾ ಮಾರಾಯ?" ಎಂದು ನಕ್ಕ. ಸುಂದರ ಬಗ್ಗಿ ಒಂದೊಂದೇ ತುಂಡು ಹೆಕ್ಕಿದ. ಇವನೂ ಒಂದು ದಿನ ಹತ್ತು ಜನರ ಎದುರು ಹೀಗೇ ತಲೆ ತಗ್ಗಿಸಬೇಕು, ಅದನ್ನು ನೋಡಿಯೇ ತಾನು ಊರಿಗೆ ಹೋಗುವುದು ಎಂದು ಹಲ್ಲು ಕಚ್ಚಿ ನಿಶ್ಚಯಿಸಿದ. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಆ ನಿಶ್ಚಯಕ್ಕೆ ಇನ್ನಷ್ಟು ಸಾಣೆ ಹಿಡಿದ.

ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಬಂತು. ಊರಿನವರೆಲ್ಲ ಬಸ್ಸು ಹಿಡಿದು ಜೋರ್ಡಾನ್ ಕಡೆಗೆ ಹೊರಟ ಹೊತ್ತಿಗೇ ಹೆಂಡತಿ ರತ್ನಾವತಿ ಬಿದ್ದು ಕಾಲು ಮುರಿದುಕೊಂಡಳು. ಅವರು ಉಳಿದರು. ಕಟ್ಟಡದಲ್ಲಿ ಉಳಿದ ಇನ್ನೆರಡು ಸಂಸಾರಗಳಲ್ಲಿ ಒಂದು ಅಹ್ಮದ್ ಬಾವಾನದು. ಇನ್ನೊಂದು, ಯಾವ ಕರ್ಮವೋ, ಎಡ್ವರ್ಡ್ ಮತ್ತು ಅವನ ಹೆಂಡತಿ ಮರ್ಸಿಯದು.

ಡಿಸೆಂಬರ್‌ನಲ್ಲಿ ಗ್ಯಾಸ್ ಸಿಗದಾಯಿತು. ಸುಂದರ ಮೂರು ಇಟ್ಟಿಗೆ ಇಟ್ಟು ಒಲೆ ಮಾಡಿದ. ಮನಸ್ಸಿಲ್ಲದಿದ್ದರೂ ಪೈನ್ ತುಂಡುಗಳನ್ನು ಒಂದೊಂದಾಗಿ ಉರಿಸತೊಡಗಿದ. ಆದರೆ ತಾನು ಸುಟ್ಟದ್ದಕ್ಕಿಂತ ಬೇಗ ರಾಶಿ ಇಳಿಯುತ್ತಿತ್ತು. ಮಧ್ಯಾಹ್ನ ಖುಬ್ಬೂಸ್ ರೊಟ್ಟಿಗೆ ಕ್ಯೂ ನಿಂತು ಬರುವುದರೊಳಗೆ ಯಾರೋ ಕೈ ಹಾಕುತ್ತಿದ್ದರು. ಒಂದು ದಿನ ಎರಡನೇ ಮಹಡಿಯ ಮೆಟ್ಟಿಲ ಮೇಲೆ, ಎಡ್ವರ್ಡನ ಬಾಗಿಲಿನ ತನಕ, ಸಾಗುವಾನಿಯ ಸಿಬಿರು ಬಿದ್ದದ್ದನ್ನು ಕಂಡ. ಸುಂದರನಿಗೆ ಸಿಟ್ಟಿಗಿಂತ ಹೆಚ್ಚು ಖುಷಿಯಾಯಿತು.

ಆದರೆ ಬಾಯಿ ಬಿಡಲಿಲ್ಲ. ಬರಿಯ ಜಗಳದಿಂದ ಅವನ ಹೊಟ್ಟೆ ತಣ್ಣಗಾಗುವಂತಿರಲಿಲ್ಲ. ಸರಕು ಪೇರಿಸುವ ಖಾಲಿ ಮರದ ಪ್ಯಾಲೆಟ್ ಒಡೆದು, ಅದರ ಹಲಗೆಗಳಿಂದ ಮೂರು ದಿನ ಕೂತು ಒಂದು ಕಪಾಟು ಕಟ್ಟಿದ. ನಾಲ್ಕು ಖಾನೆ, ಮೇಲೆ ಉದ್ದ ತುಂಡು, ಕೆಳಗೆ ಗಿಡ್ಡ. ಪ್ರತಿ ತುಂಡಿನ ತುದಿಯೂ ಹೊರಗೆ ಕಾಣುವ ಹಾಗೆ ಒತ್ತಾಗಿ ಜೋಡಿಸಿ, ಪ್ರತಿ ಖಾನೆಗೂ ಅಡ್ಡಕ್ಕೆ ಒಂದೊಂದು ಪೆನ್ಸಿಲ್ ಗೀಟು ಎಳೆದ. ಒಂದು ತುಂಡು ಎಳೆದರೂ ಗೀಟು ಮುರಿಯಬೇಕು.

"ಯುದ್ಧ ಬರ್ತದೆ ಅಂತ ಜನ ಕಿಟಕಿಗೆ ಟೇಪ್ ಹಚ್ತಿದ್ದಾರೆ, ನೀವು ಸೌದೆಗೆ ಬಂಗ್ಲೆ ಕಟ್ತಿದ್ದೀರಲ್ಲ!" ಎಂದಳು ರತ್ನಾವತಿ.

"ನೋಡ್ತಾ ಇರು," ಎಂದ ಸುಂದರ.

ಅವನ ಹತ್ತಿರ ಇನ್ನೊಂದು ಬಗೆಯ ಮರವಿತ್ತು. ಕಂಪೆನಿಯ ಪ್ಲಾಂಟಿನಲ್ಲಿ ನೀರು ತಣಿಸುವ ಹಳೆಯ ಕೂಲಿಂಗ್ ಟವರ್ ಬಿಚ್ಚಿದಾಗ ಬಂದ ಪಟ್ಟಿಗಳು. ನೀರಿನಲ್ಲಿ ಕೊಳೆಯದಿರಲೆಂದು ಮದ್ದಿನಲ್ಲಿ ನೆನೆಸಿದ ಮರ. ಕಟ್ಟುವುದಕ್ಕೆ ಗಟ್ಟಿ, ಆದರೆ ಒಲೆಗೆ ಹಾಕಿದರೆ ಹೊಗೆಯೆಲ್ಲ ವಿಷ. ಯಾರೂ ತಪ್ಪಿ ಸುಡಬಾರದೆಂದು ಸುಂದರನೇ ಪ್ರತಿಯೊಂದಕ್ಕೂ ಕೆಂಪು ಬಣ್ಣ ಬಳಿದು ಬೇರೆ ಇಟ್ಟಿದ್ದ. ಈಗ ಉಜ್ಜುಗೊರಡು ಹಿಡಿದು ಆ ಕೆಂಪನ್ನು ಅವನೇ ಕೆತ್ತಿ ತೆಗೆದ. ಒಲೆಗೆ ಹೇಳಿ ಮಾಡಿಸಿದ ಅಳತೆಗೆ ಕತ್ತರಿಸಿದ. ಕೈಗೆ ಸುಲಭವಾಗಿ ಸಿಗುವ ಕೆಳಗಿನ ಖಾನೆಯಲ್ಲಿ, ಮುಂದುಗಡೆಯೇ ಜೋಡಿಸಿ, ಅವುಗಳ ತುದಿಗೂ ಗೀಟು ಎಳೆದ. ಒಂದು ವಾರ ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಳ್ಳಲಿ, ಆಮೇಲೆ ಎಲ್ಲರನ್ನೂ ಕರೆದು ಕಾರಣ ಹೇಳುತ್ತೇನೆ ಎಂದು ಲೆಕ್ಕ ಹಾಕಿದ. 

ಮರುದಿನ ಖುಬ್ಬೂಸ್ ತಂದವನು ನೇರ ಶೆಡ್ಡಿಗೆ ಹೋದ. ಗೀಟು ಏಳು ಕಡೆ ಮುರಿದಿತ್ತು. ಏಳೂ ಕೆಳಗಿನ ಖಾನೆಯವು. ಕುಣಿಯುವುದೊಂದು ಬಾಕಿ. ಹೆಂಡತಿಯ ಮಂಚದ ಹತ್ತಿರ ಕೂತು ಎಲ್ಲವನ್ನೂ ಬಾಯಿ ಚಪ್ಪರಿಸಿಕೊಂಡು ಹೇಳಿದ.

ರತ್ನಾವತಿ ನಗಲಿಲ್ಲ. "ಅಲ್ಲ, ಅಲ್ಲಿ ಒಲೆ ಊದುವುದು ಯಾರು? ಎಡ್ವರ್ಡ್ ಪೊರ್ಬುವಾ?"

ಸುಂದರ ಖುಬ್ಬೂಸಿನ ಕಟ್ಟನ್ನು ಮಂಚದ ಮೇಲಿಟ್ಟ.

"ಮರ್ಸಿಬಾಯಿಗೆ ಮೊದಲೇ ದಮ್ಮಿನ ಕಾಯಿಲೆ ಉಂಟು. ಏಳಿ ಮಾರಾಯ್ರೆ, ನನಗೆ ಮೆಟ್ಟಿಲು ಹತ್ಲಿಕ್ಕೆ ಆಗುದಿಲ್ಲ. ಓಡಿ!"

ಅವನು ಓಡಿದ. ಬಾಗಿಲು ಬಡಿದ ರಭಸಕ್ಕೆ ಎದುರು ಮನೆಯ ಅಹ್ಮದ್ ಬಾವಾನೂ ಹೊರಗೆ ಬಂದ. ಬಾಗಿಲು ತೆರೆದ ಎಡ್ವರ್ಡ್ ಸುಂದರನನ್ನು ಕಂಡು ಬಿಳುಚಿದ. "ಏನೋ ನಾಲ್ಕಾರು ತುಂಡು... ತಪ್ಪಾಯ್ತು ಆಚಾರ್ರೆ, ಬೇರೆ ದಾರಿ ಇರ್ಲಿಲ್ಲ," ಎಂದು ಬಾವಾನ ಎದುರೇ ತಲೆ ತಗ್ಗಿಸಿದ. ಸುಂದರ ತಿಂಗಳುಗಟ್ಟಲೆ ಕನಸು ಕಂಡದ್ದು ಇದನ್ನೇ. ಅದನ್ನು ನಿಂತು ನೋಡುವಷ್ಟು ಪುರಸೊತ್ತು ಇರಲಿಲ್ಲ. ಒಳಗಿನಿಂದ ಕೆಮ್ಮು ಕೇಳುತ್ತಿತ್ತು.

ಅಡುಗೆಮನೆಯ ಕಿಟಕಿಗಳಿಗೆಲ್ಲ ಟೇಪ್ ಹಚ್ಚಿದ್ದರು. ತಗಡಿನ ಒಲೆಯ ಮುಂದೆ ಮರ್ಸಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದಳು. ಉಸಿರಾಟಕ್ಕೆ ಸೀಟಿ ಹೊಡೆದಂಥ ಸದ್ದು. ಸುಂದರ ಕೊಡದ ನೀರನ್ನು ಒಲೆಗೆ ಸುರಿದು, ಟೇಪ್ ಕಿತ್ತು ಕಿಟಕಿ ತೆರೆದು, ಅವಳನ್ನು ಹೊರಗಿನ ಮೆಟ್ಟಿಲ ಮೇಲೆ ತಂದು ಕೂರಿಸಿದ. ಏನಾಯಿತೆಂದು ಎಡ್ವರ್ಡ್ ಕೂಗಾಡಿದ. ಆಗ ಹೇಳಲೇಬೇಕಾಯಿತು. ಮದ್ದಿನ ಮರ, ಕೆತ್ತಿ ತೆಗೆದ ಕೆಂಪು, ಮುಂದುಗಡೆ ಜೋಡಿಸಿದ್ದು, ಎಲ್ಲವನ್ನೂ ಬಾವಾನ ಎದುರೇ ಹೇಳಿದ. ಎಡ್ವರ್ಡ್ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ. ಸುಂದರ ಬಿಡಿಸಿಕೊಳ್ಳಲಿಲ್ಲ.

ಮರ್ಸಿ ಕೈ ಎತ್ತಿ ಗಂಡನನ್ನು ತಡೆದಳು. ಉಸಿರು ಹಿಡಿತಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

"ಇವರು ಕದ್ದು ತಂದದ್ದು ನನಗೆ ಗೊತ್ತಿರ್ಲಿಲ್ಲ ಸುಂದರಣ್ಣ," ಎಂದಳು. "ಅಡಿಗೆ ಮಾಡುವುದು ನಾನು ಅಂತ ನಿಮಗೆ ಗೊತ್ತಿತ್ತಲ್ಲ?"

ಎಡ್ವರ್ಡನಿಗೆ ಕೊಡಬೇಕಾದ ಉತ್ತರಗಳನ್ನು ಸುಂದರ ಏಪ್ರಿಲ್‌ನಿಂದ ಬಾಯಿಪಾಠ ಮಾಡಿಟ್ಟಿದ್ದ. ಅದರಲ್ಲಿ ಒಂದೂ ಇದಕ್ಕೆ ಆಗಿಬರಲಿಲ್ಲ.

"ಗೊತ್ತಿತ್ತು," ಎಂದ.