ಬೆನ್ನ ಮೇಲಿನ ಹದಿನೇಳು
ಊರಿಗೆ ಕರ್ಫ್ಯೂ ಬಿದ್ದಂದಿನಿಂದ, ಬೆಳಗಿನ ಎರಡು ತಾಸಿನ ಸಡಿಲಿಕೆಯಲ್ಲಿ ಜನರೆಲ್ಲ ಹಾಲಿಗೂ ಔಷಧಿಗೂ ಸಾಲು ನಿಂತರೆ, ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವ ನಮ್ಮ ಓಟಗಾರ್ತಿ ಮಾತ್ರ ಬೂಟಿನ ದಾರ ಬಿಗಿಯುತ್ತಾಳೆ. ಸುಟ್ಟ ಬಸ್ಸಾಗಲಿ, ಬೀದಿ ತುಂಬಿದ ಗಾಜಿನ ಚೂರಾಗಲಿ ಅವಳ ಇಪ್ಪತ್ತು ಕಿಲೋಮೀಟರಿನಲ್ಲಿ ಒಂದು ಗೇಣನ್ನೂ ಕಡಿಮೆ ಮಾಡಿಲ್ಲ. "ಯಾರಮ್ಮಾ ಅಟ್ಟಿಸ್ಕೊಂಡು ಬರ್ತಿರೋದು?" ಎಂದು ಹಾಲಿನ ಸಾಲು ಕೆಣಕಿದರೆ, "ಹೋದ ವರ್ಷದ ನನ್ನ ಟೈಮು!" ಎಂದು ನಿಲ್ಲದೆಯೇ ಉತ್ತರ ಎಸೆಯುತ್ತಾಳೆ. ಇಂಥ ಕಾಲದಲ್ಲಿ ಓಡುವವರೆಲ್ಲ ತಪ್ಪಿತಸ್ಥರಂತೆ ಕಾಣುತ್ತಾರೆಂದು ಬಲ್ಲವಳಾದ್ದರಿಂದ, ಹಳೆಯ ಪಂದ್ಯವೊಂದರ ಹದಿನೇಳೆಂಬ ಸಂಖ್ಯೆಯನ್ನು ಎದೆಗೆ ಸಿಕ್ಕಿಸಿಕೊಂಡೇ ಹೊರಡುತ್ತಾಳೆ. ಬಂದೂಕಿನವರು ತಡೆದರೆ ಕೈ ಮುಗಿಯುವುದಿಲ್ಲ, ಸಂಖ್ಯೆ ತೋರಿಸುತ್ತಾಳೆ. "ಓಟ ಹೊಟ್ಟೆ ತುಂಬಿಸುತ್ತಾ?" ಎಂದು ಹತ್ತು ವರ್ಷ ಗೊಣಗಿದ, ಒಂದು ಪಂದ್ಯಕ್ಕೂ ಬಾರದ ಅವಳ ತಾಯಿ, ಹಾಲು ತರಲು ಓಡಿದ ಎದುರುಮನೆಯಾತನ ಬೆನ್ನಿಗೆ ಗುಂಡು ಬಿದ್ದ ಮರುದಿನ, ಮಗಳನ್ನು ತಡೆಯಲಿಲ್ಲ, ಅಂಗಿಯ ಬೆನ್ನಿಗೆ ಇನ್ನೊಂದು ಹದಿನೇಳನ್ನು ಎರಡರಷ್ಟು ದೊಡ್ಡದಾಗಿ ಹೊಲಿದುಕೊಟ್ಟಳು. "ಎದೆ ಮೇಲಿರೋದು ಸಾಲದೇನಮ್ಮಾ?" ಎಂದರೆ, "ಹಿಂದಿನಿಂದ ಗುರಿ ಇಡೋನಿಗೂ ಗೊತ್ತಾಗ್ಲಿ ಕಣೇ, ನೀನು ಯಾರಿಗೂ ಹೆದರಿ ಓಡ್ತಿಲ್ಲ ಅಂತ" ಎಂದಳು. ಅಂದಿನಿಂದ ಬಂದೂಕಿನವರನ್ನು ದಾಟಿ ಮುಂದೆ ಹೋಗುವಾಗ ಓಟಗಾರ್ತಿ ವೇಗವನ್ನು ಕೂದಲೆಳೆಯಷ್ಟೂ ಹೆಚ್ಚಿಸುವುದಿಲ್ಲ. ತಾಯಿ ಹೊಲಿದ ಅಂಕಿ ಎಲ್ಲಿಯೂ ಸುಕ್ಕುಗಟ್ಟದಂತೆ, ಬೆನ್ನನ್ನು ನೆಟ್ಟಗೆ ಹಿಡಿದು ಓಡುತ್ತಾಳೆ.