ದಾರಿ ತೋರಿಸುವ ಡಬ್ಬಿ

ಸೇಡಂನ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ನನಗೆ ದಿಕ್ಕು ತಿಳಿಯುವುದಿಲ್ಲ. ಅಕ್ಷಾಂಶ, ರೇಖಾಂಶ ಎಲ್ಲ ಬಾಯಿಪಾಠ. ಆದರೆ ವಾಡಿ ಜಂಕ್ಷನ್ನಿನಲ್ಲಿ ಸೇಡಂ ಗಾಡಿಯೆಂದು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕ ಖುಷಿಯಲ್ಲಿ ಕಣ್ಣು ಮುಚ್ಚಿ, ಎದುರು ದಿಕ್ಕಿನ ಶಹಾಬಾದಿನಲ್ಲಿ ಇಳಿದವನು ನಾನು. ಪ್ಲಾಟ್‌ಫಾರ್ಮಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕು, "ಇಲ್ಲಿ ಯಾರ ಮನಿಗಿ ಬಂದೀರಿ ಸರ್?" ಎಂದು ಕೇಳಿದಾಗ, ಯಾರ ಮನೆಗೋ ಬಂದವನಂತೆ ಗಂಭೀರವಾಗಿ ಹೊರಗೆ ನಡೆದುಬಿಟ್ಟೆ. ಹೀಗಾಗಿ, ಉಪಗ್ರಹಗಳನ್ನು ವಿಚಾರಿಸಿ ನಾವೆಲ್ಲಿದ್ದೇವೆಂದು ಹೇಳುವ ಜಿಪಿಎಸ್ ಎಂಬ ಡಬ್ಬಿ ಬಂದಿದೆ ಎಂದು ಓದಿದ ದಿನವೇ, ಅದು ನನಗಾಗಿಯೇ ಹುಟ್ಟಿದ್ದು ಎನಿಸಿತು. ಜೇಬಿನ ಫೋನುಗಳು ಇನ್ನೂ ಮಾತಷ್ಟೇ ಆಡುತ್ತಿದ್ದ ಕಾಲ ಅದು.

ನೆಪ ಒದಗಿಸಿದವನು ಗೆಳೆಯ ಶರಣಪ್ಪ. ಹಳೆಯ ಜೀಪೊಂದನ್ನು ಕೊಂಡು, ಭಾನುವಾರ ಬಂತೆಂದರೆ ರಸ್ತೆ ಬಿಟ್ಟು ಚಿಂಚೋಳಿಯ ಕಾಡಿನ ಕಡೆ ನುಗ್ಗುತ್ತಿದ್ದ. ದೊಡ್ಡ ಊರುಗಳಲ್ಲಿ ಇದೊಂದು ಹವ್ಯಾಸವಂತೆ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ರಸ್ತೆಯಲ್ಲಿ ಹೋದರೂ ಅದೇ ಅನುಭವ ಸಿಗುತ್ತದೆ. ಓಡಿಸುವುದು ಅವನ ಪಾಲಿಗೆ, ದಾರಿ ಹೇಳುವುದು ಭೂಗೋಳದ ಮಾಸ್ತರನ ಪಾಲಿಗೆ ಬಂತು.

ಒಂದಿಡೀ ಬೇಸಿಗೆ ಡಬ್ಬಿ ಆರಿಸುವುದರಲ್ಲೇ ಕಳೆಯಿತು. ಮಗಳಿಗೆ ವರ ನೋಡುವವರೂ ಇಷ್ಟು ವಿಚಾರಿಸಿರಲಿಕ್ಕಿಲ್ಲ. ಬಣ್ಣದ ಪರದೆಯದು ಚಂದವೇ, ಆದರೆ ನಮ್ಮ ಬಿಸಿಲಿನಲ್ಲಿ ಅದರಲ್ಲಿ ನನ್ನ ಮುಖ ಕಾಣುತ್ತಿತ್ತೇ ಹೊರತು ದಾರಿ ಕಾಣುತ್ತಿರಲಿಲ್ಲ. ಚಾರ್ಜು ಮಾಡುವಂಥದ್ದನ್ನು ಕರೆಂಟು ಇರುವ ಊರಿನವರು ಕೊಳ್ಳಲಿ. ನಮಗೆ ಕಿರಾಣಿ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲಿನದೇ ಸರಿ. ಕಾರಿನ ಗಾಜಿಗೆ ಅಂಟಿಸುವ, ಹೆಣ್ಣುದನಿಯಲ್ಲಿ ಇಂಗ್ಲಿಷು ಮಾತಾಡುವ ಇನ್ನೊಂದಿತ್ತು. ಬಂಡಿದಾರಿಗೆ ಇಳಿದರೆ ಆಕೆ ಬಾಯಿ ಮುಚ್ಚಿಬಿಡುತ್ತಾಳೆಂದು ಅಂಗಡಿಯವನೇ ಒಪ್ಪಿಕೊಂಡ. ಕೊನೆಗೆ ಹೈದರಾಬಾದಿನಲ್ಲಿ, ಗಟ್ಟಿ ಗುಂಡಿಗಳ, ನೀರಿಗೂ ಧೂಳಿಗೂ ಜಗ್ಗದ, ಕಪ್ಪು-ಬಿಳಿ ಪರದೆಯ, ಮುಷ್ಟಿಯಷ್ಟು ದಪ್ಪದ ಒಂದನ್ನು ತಂದೆ.

ಅದರಲ್ಲೊಂದೇ ಕೊರತೆ. ಒಳಗಿನ ನಕಾಶೆಯಲ್ಲಿ ನಮ್ಮ ಸೀಮೆಯೇ ಇರಲಿಲ್ಲ. ಚಿತ್ತಾಪುರವಿಲ್ಲ, ಕುರಕುಂಟಾ ಇಲ್ಲ. ಬೋಳು ಪರದೆಯ ನಡುವೆ ನಾನೆಂಬ ಒಂದು ಬಾಣದ ಗುರುತು. ಈ ಅವಮಾನವನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೆಂಡತಿ ಡಬ್ಬಿಯನ್ನು ಹಿಂದುಮುಂದು ತಿರುಗಿಸಿ ನೋಡಿ, "ದಾರಿ ಕೇಳ್ಲಿಕ್ಕಿ ನಾಚಿಕಿ ಬರೋರಿಗಿ ಮಾಡ್ಯಾರ ಇದು" ಎಂದಳು.

ನಮ್ಮ ಅಜ್ಜನಿಗೆ ಈ ತೊಂದರೆ ಇರಲಿಲ್ಲ. ಪೂಜೆಗೆ ಕೂತರೆ ಸಂಕಲ್ಪದಲ್ಲಿ ಜಂಬೂದ್ವೀಪದಿಂದ ಶುರುಮಾಡಿ, ದಂಡಕಾರಣ್ಯ ಹಾದು, ಗೋದಾವರಿಯ ದಕ್ಷಿಣ ತೀರದಲ್ಲಿ ತಾನಿದ್ದೇನೆಂದು ದೇವರಿಗೆ ದಿನವೂ ತಿಳಿಸುತ್ತಿದ್ದ. ಗೋದಾವರಿ ಎಷ್ಟೋ ದೂರ. ಹತ್ತಿರದ ಕಾಗಿಣಾ ಹೊಳೆಯ ಹೆಸರನ್ನೇ ಎತ್ತುತ್ತಿರಲಿಲ್ಲ. ಇಷ್ಟು ಒರಟು ವಿಳಾಸ ಕೊಟ್ಟರೂ ದೇವರು ದಾರಿ ತಪ್ಪಿದನೆಂದು ಅಜ್ಜ ಯಾವತ್ತೂ ದೂರಲಿಲ್ಲ. ನನ್ನ ಡಬ್ಬಿಯದೂ ಒಂದು ಸಂಕಲ್ಪವೇ. ಬಯಲಲ್ಲಿ ನಿಂತು, ಮುಗಿಲಿಗೆ ಎತ್ತಿ ಹಿಡಿದು, ಮೇಲಿನವರು ಕಿವಿಗೊಡುವ ತನಕ ಕಾಯಬೇಕು.

ಹಾಗೆ ಕಾಯುತ್ತ ನಿಂತಿದ್ದು ಕೊಡ್ಲಿ ದಾಟಿದ ಮೇಲೆ, ಚಿಮ್ಮನಚೋಡದ ಕಡೆಗೆಂದು ಬಂಡಿದಾರಿ ಹಿಡಿದ ಒಂದು ಭಾನುವಾರ. ತೊಗರಿ ಕಾಯಿಗಟ್ಟಿತ್ತು. ಶರಣಪ್ಪ ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ನಾನು ಬದುವಿನ ಮೇಲೆ ನಿಂತು, ಆ ಜಾಗವನ್ನು ನೆನಪಿಟ್ಟುಕೊಳ್ಳುವ ಗುಂಡಿ ಒತ್ತಿದೆ. ಖಾಲಿ ಪರದೆಯಲ್ಲಿ ಸಣ್ಣದೊಂದು ಧ್ವಜ ಮೂಡಿತು. ಅಷ್ಟರಲ್ಲಿ ತೊಗರಿ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬಳು ಕಳೆ ತೆಗೆಯುವ ಕುರ್ಪಿ ಹಿಡಿದು ಹೊರಬಂದಳು.

"ಏನ್ ಅಳ್ಯಾಕತ್ತೀರಿ ಸಾಹೇಬ್ರ?"

"ಏನೂ ಅಳ್ಯಾಕತ್ತಿಲ್ಲ ಯವ್ವಾ. ನಾ ಎಲ್ಲಿದ್ದೀನಿ ಅಂತ ನೋಡಾಕತ್ತೀನಿ."

"ನಮ್ಮ ಹೊಲ್ದಾಗ ಇದ್ದೀರಿ."

ನಾನು ನಕ್ಕೆ. ಆಕೆ ನಗಲಿಲ್ಲ.

"ಆಚಿ ಹೊಲಕ್ಕೂ ಇಂಥಾದೇ ಮಷಿನ್ ಹಿಡ್ಕೊಂಡು ಬಂದಿದ್ರು. ಝಂಡಾ ನೆಟ್ಟು ಹೋದ್ರು. ಮುಂದ ಕಲ್ಲು ತೆಗೀಲಿಕ್ಕಿ ಹೊಲಾನೇ ಹೋತು. ಖರೇ ಹೇಳ್ರಿ, ಈಗ ನಮ್ಮ ಪಾಳಿ ಏನು?"

ನಮ್ಮ ಸೀಮೆಯ ನೆಲದಡಿ ಸುಣ್ಣದ ಕಲ್ಲಿದೆ. ಶಹಾಬಾದಿನಲ್ಲಿ ಹಾಸುಗಲ್ಲಾಗಿ, ವಾಡಿಯಲ್ಲಿ ಸಿಮೆಂಟಾಗಿ ಅದು ಹೊರಗೆ ಬರುತ್ತಲೇ ಇರುತ್ತದೆ. ಬೇಸಿಗೆಯೆಲ್ಲ ಕೂತು ನಾನು ಸೆಲ್ಲು, ಪರದೆ ಎಲ್ಲ ವಿಚಾರಿಸಿದ್ದೆ. ಹೊಲದ ನಡುವೆ ಡಬ್ಬಿ ಎತ್ತಿ ನಿಂತವನು ಇಲ್ಲಿಯವರ ಕಣ್ಣಿಗೆ ಯಾರಂತೆ ಕಾಣುತ್ತಾನೆ ಎಂಬುದೊಂದನ್ನು ಬಿಟ್ಟು. ನಾಚಿಕೆಯಾಯಿತು.

"ನಾ ಸಾಲಿ ಮಾಸ್ತರ ಯವ್ವಾ, ನೋಡು" ಎಂದು ಪರದೆ ತೋರಿಸಿದೆ. ಅದೇ ತಪ್ಪಾಯಿತು.

"ಝಂಡಾ ಹಚ್ಚೇಬಿಟ್ಟೀರಲ್ರೀ! ತಗೀರಿ ಅದನ್ನ!"

ತೆಗೆಯುವುದು ಹೇಗೆಂದು ನಾನು ಕಲಿತಿರಲಿಲ್ಲ. ಗುಂಡಿ ಒತ್ತಿದೆ, ಧ್ವಜ ಎರಡಾಯಿತು. ಶರಣಪ್ಪ ಎಣ್ಣೆಗೈಯಲ್ಲೇ ಓಡಿಬಂದು ಮೂರು ಮಾಡಿದ. ಆಕೆ ಅಲ್ಲಾಡದೆ ನಿಂತಿದ್ದಳು. ಅಂತೂ ಅಳಿಸುವ ಜಾಗ ಸಿಕ್ಕಿತು. ಒಂದೊಂದಕ್ಕೂ ಖಂಡಿತ ಅಳಿಸಲೇ ಎಂದು ಡಬ್ಬಿ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಕೊನೆಯದನ್ನು, ಆಕೆಗೆ ನಂಬಿಕೆ ಬರಲೆಂದು, "ನೀನೇ ಒತ್ತು ಯವ್ವಾ" ಎಂದು ಮುಂದೆ ಹಿಡಿದೆ. ಆಕೆ ಕೈ ಹಿಂದಕ್ಕೆಳೆದುಕೊಂಡಳು.

"ಹೆಬ್ಬಟ್ಟು ನಾ ಒತ್ತಂಗಿಲ್ಲ. ನೀವೇ ಒತ್ರಿ, ನಾ ನೋಡ್ತೀನಿ."

ಒತ್ತಿದೆ. ಪರದೆ ಮತ್ತೆ ಬೋಳಾಯಿತು.

"ಈಗ ಇದರಾಗ ನಮ್ಮ ಹೊಲ ಎಲ್ಲ್ಯದ?"

"ಎಲ್ಲೂ ಇಲ್ಲ ಯವ್ವಾ."

"ಭಾಳ ಛಲೋ ಮಷಿನ್ ಅದ ಬಿಡ್ರಿ" ಎಂದಳು. ಮಡಿಲು ತುಂಬ ಹಸಿ ತೊಗರಿಕಾಯಿ ಕಿತ್ತುಕೊಟ್ಟು, ಚಿಮ್ಮನಚೋಡಕ್ಕೆ ದಾರಿಯನ್ನೂ ಹೇಳಿದಳು.

ಈಗಲೂ ಒಬ್ಬಿಬ್ಬರು ಬಂದು, ಕಾಡುಮೇಡು ತಿರುಗಲು ಯಾವ ಡಬ್ಬಿ ಕೊಳ್ಳಲಿ ಎಂದು ಕೇಳುತ್ತಾರೆ. ಪರದೆ, ಸೆಲ್ಲು, ನೀರು, ಧೂಳು ಎಲ್ಲವನ್ನೂ ಹೇಳಿ, ಅಳಿಸುವುದು ಹೇಗೆಂದು ಅಂಗಡಿಯಲ್ಲೇ ಕಲಿತು ಬನ್ನಿ ಎನ್ನುತ್ತೇನೆ. ದಾರಿ ಬೇಕಾದಾಗ ಜೀಪು ನಿಲ್ಲಿಸಿ ಕೇಳುವುದನ್ನು ರೂಢಿಸಿಕೊಂಡಿದ್ದೇನೆ. ಹೆಂಡತಿಯ ಮುಂದೆ ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ. ಇನ್ನು ಆ ಹೊಲ ಸರಿಯಾಗಿ ಎಲ್ಲಿ ಬರುತ್ತದೆ ಎಂದು ನೀವು ಕೇಳಬಹುದು. ಕೊಡ್ಲಿ ದಾಟಿದ ಮೇಲೆ ಎಂದೆನಲ್ಲ, ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಆಕೆಯ ಕಣ್ಣೆದುರಿಗೇ ಅಳಿಸಿದ್ದೇನೆ.