ಊರಮ್ಮನ ಮುಂದೆ ಸುಕನ್ಯ ಮಿಸ್

ಹೊರಮಾವಿನ ಹಳೇ ಮನೆಗಳ ಕಡೆ ಹೋಗಿ ಸುಕನ್ಯ ಮಿಸ್ ಹೆಸರೆತ್ತಿ ನೋಡಿ, "ಮನೆ ಮುರಿದವಳು" ಅಂತಾರೆ. ಅನ್ನಲಿ ಬಿಡಿ, ಊರ ಬಾಯಿಗೆ ಬೀಗ ಹಾಕೋಕಾಗುತ್ತಾ. ಆದರೆ ಅವಳ ಜೊತೆ ಅದೇ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು ನಾನು, ಶರಣವ್ವ. ರಾಯಚೂರು ಕಡೆಯವಳು, ಬಾಯಿ ಸ್ವಲ್ಪ ಜೋರು. ನಾನು ಹೇಳೋದನ್ನೂ ಒಂದು ಸಲ ಕೇಳಿ.

ಸುಕನ್ಯ ಕೆ.ಆರ್. ಪುರದ ಹುಡುಗಿ. ಅವಳಪ್ಪ ಅಲ್ಲಿನ ಸಂತೆಯಲ್ಲಿ ಈರುಳ್ಳಿ ವ್ಯಾಪಾರ ಮಾಡ್ತಿದ್ರು. ಟಿ.ಸಿ.ಎಚ್. ಮುಗಿಸಿದ ವರ್ಷವೇ ಹೊರಮಾವಿನ ಮುನಿರಾಜ್‌ಗೆ ಕೊಟ್ಟು ಮದುವೆ ಮಾಡಿದ್ರು. ಆ ಮನೆಗೆಲ್ಲ ಹಿರಿಯರು ಮುನಿರಾಜ್‌ನ ದೊಡ್ಡಪ್ಪ ರಾಮಾಂಜಿನಪ್ಪನವರು. ಒಂದು ಕಾಲಕ್ಕೆ ರಾಗಿ, ಸೊಪ್ಪು ಬೆಳೀತಿದ್ದ ಜನ. ಹೊಲ ಸೈಟಾಗಿ ಸೈಟು ಅಪಾರ್ಟ್‌ಮೆಂಟಾದ ಮೇಲೆ ಕಮ್ಮನಹಳ್ಳಿ ಕಡೆ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಕಟ್ಟಿಸಿದ್ರು. ಸುಕನ್ಯ ಅಲ್ಲೇ ಟೀಚರ್ ಆದಳು.

ಎರಡು ಸಾವಿರದ ನಾಲ್ಕರಲ್ಲಿ ಒಂದು ವಿದೇಶಿ ಟ್ರಸ್ಟ್‌ನವರು ಶಾಲೆಗೆ ಕಂಪ್ಯೂಟರ್ ಕೊಡೋಕೆ ಬಂದ್ರು. ಅವರದೊಂದು ಷರತ್ತಿತ್ತು. ಮಕ್ಕಳ ರಕ್ಷಣೆಗೆ ಅಂತ ಒಬ್ಬ ಟೀಚರನ್ನ ನೇಮಿಸ್ಬೇಕು, ಮಕ್ಕಳ ಮೇಲೆ ಯಾರೇ ಕೈ ಹಾಕಿದ್ರೂ ಆ ಟೀಚರ್ ಮುಂದೆ ನಿಂತು ಕೇಳ್ಬೇಕು. ರಾಮಾಂಜಿನಪ್ಪನವರು ಮೀಟಿಂಗಲ್ಲಿ ನಮ್ಮೆಲ್ಲರ ಎದುರಿಗೇ ಅಂದ್ರು, "ಸುಕನ್ಯ ಹೆಸರು ಹಾಕ್ರಿ. ನಮ್ಮನೆ ಸೊಸೆ. ನಾಳೆ ಏನಾದ್ರೂ ಬಂದ್ರೂ ಮನೇಲೇ ಮುಗಿಯುತ್ತೆ." ಆ ಜನಕ್ಕೆ ಎಲ್ಲಾನೂ ಮನೇಲೇ ಮುಗೀಬೇಕು ನೋಡಿ. ಎಡವಿದ್ದು ಅಲ್ಲೇ.

ಹೆಸರಿಗೆ ಅಂತ ಕೊಟ್ಟ ಕೆಲಸ, ಇವಳು ನಿಜ ಅಂದ್ಕೊಂಡ್ಬಿಟ್ಟಳು. ಹೆಣ್ಮಕ್ಕಳ ಟಾಯ್ಲೆಟ್ ಬಾಗಿಲಿಗೆ ಪುಟ್ಟ ಮಕ್ಕಳ ಕೈಗೆ ಸಿಗೋ ಎತ್ತರಕ್ಕೆ ಚಿಲಕ ಹಾಕಿಸಿದಳು. ಬಾಗಿಲು ಮುಚ್ಚಿ ಟ್ಯೂಷನ್ ಹೇಳ್ಕೂಡದು ಅಂತ ಗಣಿತದ ಮೇಷ್ಟ್ರ ಜೊತೆ ಜಗಳ ಆಡಿದಳು. ಸ್ಟಾಫ್ ರೂಮಲ್ಲಿ ಎಲ್ರೂ "ಪೊಲೀಸಮ್ಮ ಬಂದ್ಲು" ಅಂತ ನಗ್ತಿದ್ರು. ಅವಳೂ ನಗ್ತಿದ್ಲು, ಆದ್ರೆ ಚಿಲಕ ತೆಗೆಸ್ಲಿಲ್ಲ.

ಹೀಗಿರುವಾಗ ಒಂದಿನ ವ್ಯಾನ್ ಡ್ರೈವರ್ ಮುನಿಆಂಜನಪ್ಪ ತಾನಾಗೇ ಬಂದು ಒಂದು ದೂರು ಹೇಳಿದ. ಅವನು ರಾಮಾಂಜಿನಪ್ಪನವರ ಹೆಂಡತಿಯ ತಮ್ಮ. ಎರಡನೇ ಕ್ಲಾಸಿನ ವೈಷ್ಣವಿ ಮನೆ ಬರೋ ಮುಂಚೇನೇ, ರೈಲ್ವೆ ಗೇಟ್ ಹತ್ರ ಬೇರೆ ಮಕ್ಕಳ ಜೊತೆ ಇಳಿದ್ಬಿಡ್ತಾಳಂತೆ. "ನಾಳೆ ರೈಲಿಗೆ ಸಿಕ್ಕಿದ್ರೆ ನನ್ನ ಕೇಳ್ಬೇಡಿ," ಅಂದ. ಹೆಡ್ ಮಿಸ್ ಮಗೂನ ಕರೆದು ಚೆನ್ನಾಗಿ ಬೈದು ಬೆಂಚಿನ ಮೇಲೆ ನಿಲ್ಲಿಸಿದ್ರು. ನಾನೂ ಅಲ್ಲೇ ಇದ್ದೆ, ಹುಡುಗಿಗೆ ತಂಟೆ ಜಾಸ್ತಿ ಅಂದ್ಕೊಂಡೆ.

ಸುಕನ್ಯ ಮಾತ್ರ ಆ ಮಗೂನ ಇಳಿಸಿ, ಪಕ್ಕ ಕೂತು, "ಅಷ್ಟು ದೂರ ನಡೆದ್ರೆ ಕಾಲು ನೋಯಲ್ವಾ ಪುಟ್ಟಾ?" ಅಂತ ಕೇಳಿದಳು.

"ನೋಯುತ್ತೆ ಮಿಸ್. ಆದ್ರೆ ಎಲ್ರೂ ಇಳಿದ್ಮೇಲೆ ಅಂಕಲ್ ಮುಂದಿನ ಸೀಟಿಗೆ ಬಾ ಅಂತಾರೆ."

ಆಮೇಲೆ ಮಗು ಹೇಳಿದ್ದನ್ನ ನಾನು ಬರೆಯಲ್ಲ.

ವೈಷ್ಣವಿ ಅಪ್ಪ ಅಮ್ಮ ದಾವಣಗೆರೆ ಕಡೆಯವರು, ಹೊಸದಾಗಿ ಅಪಾರ್ಟ್‌ಮೆಂಟಿಗೆ ಬಂದಿದ್ರು. ತಾಯಿ ಪ್ರತಿಭಾ ಸುಕನ್ಯಳ ಕೈ ಹಿಡ್ಕೊಂಡು ಅತ್ತಳು. "ಊರವರನ್ನ ಎದುರು ಹಾಕ್ಕೊಂಡು ಇಲ್ಲಿ ಹೆಂಗ್ ಬದುಕೋದ್ರಿ?"

"ನಾನೂ ಆ ಊರವಳೇ. ನನ್ನ ಜೊತೆ ಇರಿ ಸಾಕು," ಅಂದಳು ಸುಕನ್ಯ.

ವಿಷಯ ರಾಮಾಂಜಿನಪ್ಪನವರ ಕಿವಿಗೆ ಬಿತ್ತು. ಅವರು ಕೂಗಾಡ್ಲಿಲ್ಲ. ಹಿರಿಯರನ್ನ ಕರೆಸಿ ಊರ ಪದ್ಧತಿ ಪ್ರಕಾರ ತೀರ್ಮಾನ ಹೇಳಿದ್ರು. ಶುಕ್ರವಾರ ಬೆಳಿಗ್ಗೆ ಊರಮ್ಮನ ಗುಡಿಯಲ್ಲಿ ಕರ್ಪೂರ ಹಚ್ಚೋದು. ಉರಿಯೋ ಕರ್ಪೂರವನ್ನ ಕೈಯಿಂದ ಆರಿಸಿ ಆಣೆ ಮಾಡಿದ್ರೆ ಅಲ್ಲಿಗೆ ವ್ಯಾಜ್ಯ ಮುಗೀತು, ಸುಳ್ಳು ಹೇಳಿದವರನ್ನ ಅಮ್ಮ ನೋಡ್ಕೋತಾಳೆ. ಮುನಿಆಂಜನಪ್ಪ ಆರಿಸ್ತಾನೆ, ಮಗುವೂ ಬಂದು ಆರಿಸ್ಲಿ. ಸೋಮವಾರದಿಂದ ಮಗು ಅದೇ ವ್ಯಾನಲ್ಲಿ ಬರಲಿ.

ಏಳು ವರ್ಷದ ಕೂಸು ಆ ಗಂಡಸಿನ ಎದುರಿಗೆ ನಿಂತು ಬೆಂಕಿಗೆ ಕೈ ಇಡಬೇಕಂತೆ. ಇವರ ನ್ಯಾಯಕ್ಕಿಷ್ಟು ಮಣ್ಣು ಹಾಕ.

ಗುರುವಾರ ಮುನಿರಾಜ್ ಹೆಂಡತಿಗೆ, "ನಿನ್ ಜೊತೆ ಬರ್ತೀನಿ, ಆದ್ರೆ ದೊಡ್ಡಪ್ಪನ ಮುಂದೆ ಬಾಯಿ ಬಿಡೋಕೆ ನನ್ ಕೈಲಾಗಲ್ಲ," ಅಂದನಂತೆ. "ಬಾ. ಮಾತು ನಂಗೆ ಬಿಡು," ಅಂದಳಂತೆ ಇವಳು.

ಶುಕ್ರವಾರ ನಾನೂ ರಜೆ ಹಾಕಿ ಹೋದೆ. ಗುಡಿ ಜಗಲಿ ಮೇಲೆ ಹಿರಿಯರು ಕೂತಿದ್ರು. ಮುನಿಆಂಜನಪ್ಪ ಸ್ನಾನ ಮಾಡಿ ಹಣೆ ತುಂಬ ಕುಂಕುಮ ಇಟ್ಕೊಂಡು ನಿಂತಿದ್ದ. ಮಗು ಎಲ್ಲಿ ಅಂತ ರಾಮಾಂಜಿನಪ್ಪನವರು ಕೇಳಿದ್ರು. "ಬರಲ್ಲ," ಅಂದಳು ಸುಕನ್ಯ. ಹಾಗಾದ್ರೆ ಇವನೊಬ್ಬನೇ ಆರಿಸ್ಲಿ ಅಂದ್ರು. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದ. ಮುನಿಆಂಜನಪ್ಪ ಕೈ ಮುಂದೆ ಮಾಡೋಷ್ಟರಲ್ಲಿ ಸುಕನ್ಯ ಮುಂದೆ ಹೋಗಿ ತನ್ನ ಅಂಗೈಯನ್ನೇ ಅದರ ಮೇಲೆ ಒತ್ತಿದಳು.

"ಮಗು ಹೇಳಿದ್ದು ನಿಜ ಅಂತ ನಾನು ಆರಿಸಿದ್ದೀನಿ. ಸುಳ್ಳಾದ್ರೆ ಅಮ್ಮ ನನ್ನ ನೋಡ್ಕೊಳ್ಲಿ. ಇವನನ್ನ ಪೊಲೀಸ್ನೋರು ನೋಡ್ಕೋತಾರೆ. ಮಗುವಿನ ಅಪ್ಪ ಅಮ್ಮ ಬೆಳಿಗ್ಗೆಯೇ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಟ್ಟಿದ್ದಾರೆ. ಸಾಕ್ಷಿ ನಾನು."

ಮುನಿಆಂಜನಪ್ಪ ಅಕ್ಕನ ಗಂಡನ ಮುಖ ನೋಡಿದ. ರಾಮಾಂಜಿನಪ್ಪನವರು ಜಗಲಿಯಿಂದ ಎದ್ದು ನಿಂತ್ರು. "ಈ ಮನೆ ಅನ್ನ ತಿಂದು ಈ ಮನೆ ಮಾನ ಬೀದಿಗೆ ತಂದ್ಯಲ್ಲ. ನಿಂಗ್ಯಾರು ಕೊಟ್ರು ಈ ಅಧಿಕಾರ?"

ಸುಕನ್ಯ ಬೊಬ್ಬೆ ಎದ್ದ ಕೈಯನ್ನ ಸೆರಗಲ್ಲಿ ಸುತ್ಕೊಂಡಳು. ಅವಳ ಪಕ್ಕಕ್ಕೆ ಮುನಿರಾಜ್ ಬಂದು ನಿಂತ.

"ನೀವೇ ದೊಡ್ಡಮಾವ," ಅಂದಳು. "ಅವತ್ತು ಮೀಟಿಂಗಲ್ಲಿ ನನ್ನ ಹೆಸರು ಹಾಕಿ ಅಂದೋರು ನೀವೇ."